ಲಿವರಿನ ತಾಮ್ರ ಮತ್ತು ಮಾತ್ರೆಯ ಹೊತ್ತು: ನನ್ನ ಅನುಭವ

"ಕೀಲೇಶನ್ ಮಾಡಿಸಿಕೊಂಡ್ರೆ ಲಿವರ್ ಪೂರ್ತಿ ಕ್ಲೀನ್ ಆಗುತ್ತಂತೆ, ಹೌದಾ?" ನನಗೆ ವಿಲ್ಸನ್ ಕಾಯಿಲೆ, ಅಂದರೆ ದೇಹದಲ್ಲಿ ತಾಮ್ರ ಸೇರುತ್ತಾ ಹೋಗುವ ಕಾಯಿಲೆ ಇದೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಕೀಲೇಶನ್ ಅಂದರೆ ದೇಹದಲ್ಲಿ ಸೇರಿದ ಲೋಹವನ್ನು ಹಿಡಿದು ಹೊರಹಾಕುವ ಔಷಧಿ ಕೊಡುವುದು; ಆ ಔಷಧಿಗೆ ಕೀಲೇಟರ್ ಎನ್ನುತ್ತಾರೆ. ಕೇಳುವವರಲ್ಲಿ ಹೆಚ್ಚಿನವರಿಗೆ ಯಾವ ಲೋಹದ ತೊಂದರೆಯೂ ಇರುವುದಿಲ್ಲ. ಸುಸ್ತು ಇರುತ್ತದೆ, ಹೊಟ್ಟೆ ಉಬ್ಬರ ಇರುತ್ತದೆ, ಎಲ್ಲೋ ಒಂದು ಜಾಹೀರಾತು ನೋಡಿರುತ್ತಾರೆ. ನಾನು ಎಷ್ಟೋ ವರ್ಷಗಳಿಂದ ಈ ಔಷಧಿಗಳ ಮೇಲೇ ಬದುಕಿದ್ದೇನೆ. ನನ್ನ ಲಿವರ್ ಇನ್ನೂ 'ಕ್ಲೀನ್' ಆಗಿಲ್ಲ. ಆಗುವುದೂ ಇಲ್ಲ. ಆದರೂ ಆರಾಮಾಗಿದ್ದೇನೆ. ಅದು ಹೇಗೆ ಎಂದು ಬಿಡಿಸಿ ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಕಾಯಿಲೆಯ ವಿಷಯ. ನಮ್ಮ ಆಹಾರದಲ್ಲಿ ದಿನಕ್ಕೆ ಒಂದೆರಡು ಮಿಲಿಗ್ರಾಂ ತಾಮ್ರ ಇದ್ದೇ ಇರುತ್ತದೆ. ದೇಹಕ್ಕೆ ಅದು ಬೇಕು. ಮಿಕ್ಕಿದ್ದನ್ನು ಪಿತ್ತರಸದ ಜೊತೆ ಕರುಳಿಗೆ ಬಿಟ್ಟು ಹೊರಹಾಕುವುದು ಲಿವರಿನ ಕೆಲಸ. ಅದಕ್ಕೆ ಎಟಿಪಿ7ಬಿ ಅನ್ನುವ ಪ್ರೋಟೀನ್ ಬೇಕು. ಅದರ ಜೀನ್ ಇರುವುದು 13ನೇ ಕ್ರೋಮೋಸೋಮಿನಲ್ಲಿ. ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ ಎರಡೂ ಕೆಟ್ಟಿದ್ದರೆ ತಾಮ್ರ ಹೊರಗೆ ಹೋಗುವ ದಾರಿಯೇ ಕಟ್ಟಿದಂತೆ. ಹುಟ್ಟಿದಾಗಿನಿಂದ ಚೂರುಚೂರೇ ಸೇರುತ್ತಾ ಹೋಗುತ್ತದೆ. ಲಿವರಿಗೆ ಹಿಡಿಸದಷ್ಟಾದಾಗ ರಕ್ತಕ್ಕೆ ಇಳಿದು ಮೆದುಳು, ಕಣ್ಣು, ಕಿಡ್ನಿ ಸೇರುತ್ತದೆ. 1912ರಲ್ಲಿ ಲಂಡನ್ನಿನ ನರರೋಗ ತಜ್ಞ ಕಿನ್ನಿಯರ್ ವಿಲ್ಸನ್ ಇದನ್ನು ವಿವರವಾಗಿ ಬರೆದರು. ಹೆಸರು ಬಂದದ್ದು ಹಾಗೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುತ್ತದೆ.

ನನ್ನ ವಿಷಯದಲ್ಲಿ ಕೈ ನಡುಕ, ಮಾತು ತೊದಲುವುದು, ಇಂಥದ್ದೇನೂ ಇರಲಿಲ್ಲ. ಯಾವುದೋ ಜ್ವರಕ್ಕೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಲಿವರ್ ಎನ್‌ಜೈಮುಗಳು ಜಾಸ್ತಿ ಬಂದವು. ಜ್ವರ ಹೋಯಿತು, ಅವು ಇಳಿಯಲಿಲ್ಲ. ಹೆಪಟೈಟಿಸ್ ವೈರಸ್ ಇಲ್ಲ, ಕುಡಿತ ಇಲ್ಲ, ತೂಕವೂ ಜಾಸ್ತಿ ಇಲ್ಲ. ಆಗ ಲಿವರ್ ಡಾಕ್ಟರು ಸೆರುಲೋಪ್ಲಾಸ್ಮಿನ್ ಬರೆದುಕೊಟ್ಟರು. ರಕ್ತದಲ್ಲಿ ತಾಮ್ರ ಹೊತ್ತು ತಿರುಗುವ ಪ್ರೋಟೀನ್ ಅದು. ಸಾಮಾನ್ಯವಾಗಿ ಡೆಸಿಲೀಟರಿಗೆ 20 ಮಿಲಿಗ್ರಾಂ ಮೇಲಿರಬೇಕು. ನನ್ನದು 8.

ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುವ ಒಂದು ಸಂಗತಿ ಇದೆ. ನನ್ನ ರಕ್ತದ ಒಟ್ಟು ತಾಮ್ರ ಡೆಸಿಲೀಟರಿಗೆ 50 ಮೈಕ್ರೋಗ್ರಾಂ ಬಂದಿತ್ತು. ಲ್ಯಾಬಿನ ರಿಪೋರ್ಟಿನಲ್ಲಿ ಅದರ ಪಕ್ಕ 'ಕಡಿಮೆ' ಎಂದು ಗುರುತು. ಲಿವರಿನಲ್ಲಿ ತಾಮ್ರ ತುಂಬಿರುವವನ ರಕ್ತದಲ್ಲಿ ತಾಮ್ರ ಕಡಿಮೆ! ಕಾರಣ ಸರಳ. ರಕ್ತದ ತಾಮ್ರದಲ್ಲಿ ಹೆಚ್ಚಿನ ಪಾಲು ಸೆರುಲೋಪ್ಲಾಸ್ಮಿನ್ ಹೊತ್ತದ್ದು. ಹೊರುವವನೇ ಕಡಿಮೆಯಾದರೆ ಒಟ್ಟು ಮೊತ್ತವೂ ಇಳಿಯುತ್ತದೆ. ತೊಂದರೆ ಕೊಡುವುದು ಅದಕ್ಕೆ ಅಂಟದೆ ಬಿಡಿಯಾಗಿ ತಿರುಗುವ ತಾಮ್ರ. ಅದನ್ನು ಹೀಗೆ ಲೆಕ್ಕ ಹಾಕುತ್ತಾರೆ: ಸೆರುಲೋಪ್ಲಾಸ್ಮಿನ್ ಸಂಖ್ಯೆಯನ್ನು 3ರಿಂದ ಗುಣಿಸಿ ಒಟ್ಟು ತಾಮ್ರದಿಂದ ಕಳೆಯುವುದು. ನನ್ನದರಲ್ಲಿ 8ಕ್ಕೆ ಮೂರು ಸಲ, 24. ಐವತ್ತರಲ್ಲಿ 24 ಹೋದರೆ ಉಳಿದದ್ದು 26. ಅದು 15ರ ಒಳಗೆ ಇರಬೇಕು. 'ಕಡಿಮೆ' ಎಂದ ರಿಪೋರ್ಟೇ ಜಾಸ್ತಿ ಎಂದು ಹೇಳಿತ್ತು, ಓದುವುದು ಗೊತ್ತಿರಬೇಕು ಅಷ್ಟೇ. ಈ ಲೆಕ್ಕವೂ ಪಕ್ಕಾ ಅಲ್ಲ. ಲ್ಯಾಬಿನ ವಿಧಾನದ ಮೇಲೆ ಏರುಪೇರಾಗುತ್ತದೆ, ಒಮ್ಮೊಮ್ಮೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಆದ್ದರಿಂದ ಇದೊಂದನ್ನೇ ನಂಬಿ ಯಾವ ಡಾಕ್ಟರೂ ತೀರ್ಮಾನ ಮಾಡುವುದಿಲ್ಲ.

ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರು. ಕಪ್ಪುಗುಡ್ಡೆಯ ಅಂಚಿನಲ್ಲಿ ತಾಮ್ರ ಕೂತು ಆಗುವ ಕಂದು ಹಸಿರು ಉಂಗುರ ಸಿಗಲಿಲ್ಲ. ಲಿವರಿನಲ್ಲಿ ಮಾತ್ರ ಕಾಯಿಲೆ ಇರುವವರಲ್ಲಿ ಎಷ್ಟೋ ಜನಕ್ಕೆ ಅದು ಇರುವುದಿಲ್ಲವಂತೆ. ಕೊನೆಗೆ ಬಯಾಪ್ಸಿ. ಒಣಗಿಸಿದ ಲಿವರ್ ಚೂರಿನಲ್ಲಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಹಜ, 250 ದಾಟಿದರೆ ವಿಲ್ಸನ್ ಎನ್ನಲು ಗಟ್ಟಿ ಸಾಕ್ಷಿ. ನನ್ನದು ಆ ಗೆರೆಯನ್ನು ಆರಾಮಾಗಿ ದಾಟಿತ್ತು.

ಇನ್ನು 24 ಗಂಟೆಯ ಮೂತ್ರ ಪರೀಕ್ಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಮುಂದಿನ ಇಡೀ ಚಿಕಿತ್ಸೆ ನಿಂತಿರುವುದು ಇದರ ಮೇಲೆ. ಲ್ಯಾಬಿನವರು ಕೊಡುವ ಕ್ಯಾನ್ ಲೋಹದ ಸೋಂಕಿಲ್ಲದಂತೆ ತೊಳೆದದ್ದಾಗಿರಬೇಕು. ಮನೆಯ ಬಾಟಲಿ ನಡೆಯುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಮೂತ್ರವನ್ನು ಕ್ಯಾನಿಗೆ ಹಾಕಬಾರದು. ಅದು ಹಿಂದಿನ ರಾತ್ರಿಯದು. ಅದನ್ನು ಹೊರಗೆ ಬಿಟ್ಟು ಗಂಟೆ ಬರೆದುಕೊಳ್ಳಬೇಕು. ಅಲ್ಲಿಂದ ಮುಂದಿನ ಪ್ರತಿ ಹನಿಯೂ ಕ್ಯಾನಿಗೆ. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಮಾಡುವ ಮೂತ್ರ ಕೊನೆಯದು, ಅದು ಒಳಗೆ ಹೋಗಲೇಬೇಕು. ಸ್ನಾನಕ್ಕೆ ಹೋಗುವ ಮುಂಚೆ, ಮಲವಿಸರ್ಜನೆಗೆ ಕೂರುವ ಮುಂಚೆ ಮೂತ್ರವನ್ನು ಬೇರೆಯಾಗಿ ಹಿಡಿದುಬಿಡಬೇಕು. ಇಲ್ಲಿಯೇ ಜಾಸ್ತಿ ಸೋರಿಹೋಗುವುದು. ಕ್ಯಾನ್ ತಂಪಾದ ಕಡೆ ಇರಬೇಕು. ನಾನು ಅದನ್ನು ಯಾವಾಗಲೂ ರಜಾ ದಿನ, ಮನೆಯಲ್ಲೇ ಇರುವ ದಿನ ಇಟ್ಟುಕೊಳ್ಳುತ್ತೇನೆ. ಜೊತೆಗೆ ಕ್ರಿಯಾಟಿನಿನ್ ಕೂಡ ಅಳೆಯಲು ಹೇಳುತ್ತೇನೆ. ಅದು ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಹೋಗುವ ವಸ್ತು. ಅದು ತೀರಾ ಕಡಿಮೆ ಬಂದರೆ ಸಂಗ್ರಹ ಪೂರ್ತಿ ಆಗಿಲ್ಲ ಎಂದು ಅರ್ಥ. ಔಷಧಿ ಇಲ್ಲದೆ ದಿನಕ್ಕೆ 100 ಮೈಕ್ರೋಗ್ರಾಂ ದಾಟಿ ತಾಮ್ರ ಹೋದರೆ ವಿಲ್ಸನ್ ಅನುಮಾನ ಗಟ್ಟಿಯಾಗುತ್ತದೆ. ಮಕ್ಕಳಲ್ಲಿ ಇನ್ನೂ ಕಡಿಮೆ ಗೆರೆ, 40.

ಔಷಧಿ ಶುರುವಾದದ್ದು ಪೆನಿಸಿಲಮೈನ್‌ನಿಂದ. ಇದರ ಕಥೆ ನನಗೆ ಇಷ್ಟ. ಅದಕ್ಕೂ ಮುಂಚೆ ಇದ್ದದ್ದು ಬಿಎಎಲ್ ಎನ್ನುವ ಇಂಜೆಕ್ಷನ್. ಎರಡನೇ ಮಹಾಯುದ್ಧದಲ್ಲಿ ಆರ್ಸೆನಿಕ್ ಇರುವ ವಿಷಾನಿಲಕ್ಕೆ ಮದ್ದಾಗಿ ಬ್ರಿಟನ್ನಿನಲ್ಲಿ ಹುಟ್ಟಿದ್ದು. ಎಣ್ಣೆಯಲ್ಲಿ ಕಲಸಿ ಮಾಂಸಖಂಡಕ್ಕೆ ಚುಚ್ಚುತ್ತಿದ್ದರು, ವಿಪರೀತ ನೋವು. ಜಾನ್ ವಾಲ್ಶ್ ಎಂಬ ಬ್ರಿಟಿಷ್ ಡಾಕ್ಟರು ಪೆನಿಸಿಲಿನ್ ತೆಗೆದುಕೊಂಡ ರೋಗಿಗಳ ಮೂತ್ರದಲ್ಲಿ ಪೆನಿಸಿಲಮೈನ್ ಕಂಡಿದ್ದರು. ಅದರ ರಚನೆ ನೋಡಿದರೆ ತಾಮ್ರವನ್ನು ಹಿಡಿಯಬಲ್ಲದು ಎಂದು ಅವರಿಗೆ ಹೊಳೆಯಿತು. ಮೊದಲು ತಾವೇ ನುಂಗಿ ನೋಡಿ, ಆಮೇಲೆ ರೋಗಿಗೆ ಕೊಟ್ಟರು. 1956ರಲ್ಲಿ ಅದನ್ನು ಪ್ರಕಟಿಸಿದರು. ಬಾಯಲ್ಲಿ ತೆಗೆದುಕೊಳ್ಳುವ ಮಾತ್ರೆಯೊಂದು ಈ ಕಾಯಿಲೆಗೆ ಸಿಕ್ಕಿದ್ದು ಹೀಗೆ.

ಕೆಲಸ ಹೇಗೆ ಮಾಡುತ್ತದೆ ಅಂದರೆ, ಆ ಅಣುವಿನಲ್ಲಿರುವ ಗಂಧಕ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡ ಜೋಡಿ ನೀರಿನಲ್ಲಿ ಕರಗುವಂಥದ್ದು, ಕಿಡ್ನಿ ಅದನ್ನು ಮೂತ್ರಕ್ಕೆ ಬಿಡುತ್ತದೆ. ಪಿತ್ತದ ದಾರಿ ಮುಚ್ಚಿದವರಿಗೆ ಮೂತ್ರದ ದಾರಿ ತೆರೆದುಕೊಟ್ಟ ಹಾಗೆ.

ಡಾಕ್ಟರು ದಿನಕ್ಕೆ 250 ಮಿಲಿಗ್ರಾಂನಿಂದ ಶುರು ಮಾಡಿ, ಕೆಲವು ದಿನಕ್ಕೊಮ್ಮೆ 250ರಂತೆ ಏರಿಸಿ 1000ಕ್ಕೆ ತಂದು ನಿಲ್ಲಿಸಿದರು. ಒಮ್ಮೆಲೇ ಪೂರ್ತಿ ಪ್ರಮಾಣ ಕೊಡುವುದಿಲ್ಲ. ನರದ ತೊಂದರೆ ಇರುವವರಲ್ಲಿ ಕೆಲವರಿಗೆ ಈ ಔಷಧಿ ಶುರುವಾದ ಮೇಲೆ ನಡುಕ, ಬಿಗಿತ ಜಾಸ್ತಿಯಾಗುವುದುಂಟು, ಕೆಲವೊಮ್ಮೆ ಅದು ಹಿಂದಕ್ಕೆ ಬರುವುದೂ ಇಲ್ಲ. ಜೊತೆಗೆ ಬಿ6 ವಿಟಮಿನ್. ಪೆನಿಸಿಲಮೈನ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ, ಹಾಗಾಗಿ ಸೇರಿಸಿಯೇ ಕೊಡುತ್ತಾರೆ.

ಕಷ್ಟ ಅನಿಸಿದ್ದು ಹೊತ್ತು. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ, ಹೊಟ್ಟೆ ಖಾಲಿ ಇದ್ದಾಗಲೇ ನುಂಗಬೇಕು. ಊಟದ ಜೊತೆ ತೆಗೆದುಕೊಂಡರೆ ಸುಮಾರು ಅರ್ಧದಷ್ಟು ಔಷಧಿ ಒಳಗೆ ಹೋಗುವುದೇ ಇಲ್ಲ. ಒಂದೇ ಬಾರಿ ಅಲ್ಲ, ದಿನಕ್ಕೆ ಹಲವು ಬಾರಿ. ಕೇಳುವುದಕ್ಕೆ ಸುಲಭ, ಅಲ್ವಾ? ಬದುಕಿ ನೋಡಿ. ಯಾರೋ ಕಾಫಿ ಕೊಡುತ್ತಾರೆ, ಮೀಟಿಂಗಿನಲ್ಲಿ ಬಿಸ್ಕತ್ತು ಬರುತ್ತದೆ, ಮಧ್ಯಾಹ್ನದ ಊಟ ಯಾವತ್ತೂ ಹೇಳಿದ ಹೊತ್ತಿಗೆ ಆಗುವುದಿಲ್ಲ. ನಾನು ಕಂಡುಕೊಂಡ ದಾರಿ ಇಷ್ಟು: ಊಟಕ್ಕೆ ತಕ್ಕಂತೆ ಮಾತ್ರೆ ಹೊಂದಿಸುವ ಪ್ರಯತ್ನವನ್ನೇ ಬಿಟ್ಟೆ. ಮಾತ್ರೆಯ ಹೊತ್ತು ಮೊದಲು ಗಟ್ಟಿ ಮಾಡಿದೆ. ಎದ್ದ ಕೂಡಲೇ ಒಂದು, ಮಲಗುವ ಮುಂಚೆ ಒಂದು. ಈ ಎರಡನ್ನು ಯಾವ ಕಾಫಿಯೂ ಕೆಡಿಸಲಾರದು. ಮಧ್ಯದ್ದಕ್ಕೆ ಮಾತ್ರ ಫೋನಿನಲ್ಲಿ ಎರಡು ಅಲಾರಂ, ಒಂದು ನುಂಗಲು, ಇನ್ನೊಂದು "ಈಗ ತಿನ್ನಬಹುದು" ಎಂದು ಹೇಳಲು. ಎರಡನೇ ಅಲಾರಂ ಇಲ್ಲದಿದ್ದರೆ ಮೊದಲನೆಯದು ದಂಡ. ಅಸಿಡಿಟಿ ಮಾತ್ರೆ, ಕಬ್ಬಿಣ ಇರುವ ಟಾನಿಕ್ಕು, ಖನಿಜ ಸೇರಿಸಿದ ವಿಟಮಿನ್, ಇವನ್ನೆಲ್ಲ ದೂರದ ಹೊತ್ತಿಗೆ ತಳ್ಳಬೇಕು. ಔಷಧಿ ಇವುಗಳಿಗೇ ಅಂಟಿಕೊಂಡು ವ್ಯರ್ಥವಾಗುತ್ತದೆ. ಆಹಾರದಲ್ಲಿ ಪ್ರಾಣಿಗಳ ಲಿವರ್, ಸಿಂಪಿ ಮೀನು, ಚಾಕೊಲೇಟ್, ಅಣಬೆ, ಒಣಬೀಜಗಳನ್ನು ಮೊದಲ ವರ್ಷ ಬಿಟ್ಟಿರಲು ಹೇಳಿದರು. ಅಷ್ಟೇ. ಪಥ್ಯದಿಂದಲೇ ಈ ಕಾಯಿಲೆ ಹತೋಟಿಗೆ ಬರುತ್ತದೆ ಎನ್ನುವವರ ಮಾತು ನಂಬಬೇಡಿ.

ಔಷಧಿ ಶುರುವಾದ ಮೇಲಿನ ಮೊದಲ ಮೂತ್ರ ಪರೀಕ್ಷೆಯಲ್ಲಿ ತಾಮ್ರ 1000 ಮೈಕ್ರೋಗ್ರಾಂ ದಾಟಿ ಬಂತು. ನೋಡಿ ಗಾಬರಿಯಾಯಿತು. ಡಾಕ್ಟರು ಮಾತ್ರ ಖುಷಿಪಟ್ಟರು. "ಹೊರಗೆ ಹೋಗ್ತಾ ಇರೋದು ಕಣಪ್ಪಾ ಅದು, ಒಳಗೆ ಬರ್ತಿರೋದಲ್ಲ" ಎಂದರು. ತಿಂಗಳುಗಳು ಕಳೆದ ಹಾಗೆ ಅದು ಇಳಿಯುತ್ತಾ ಬಂದು 200ರಿಂದ 500ರ ನಡುವೆ ನಿಂತಿತು. ಪೆನಿಸಿಲಮೈನ್ ಮೇಲೆ ಸ್ಥಿರವಾಗಿರುವವರಲ್ಲಿ ಬಯಸುವ ಮಟ್ಟ ಅದು. ಎನ್‌ಜೈಮುಗಳು ಮಾತ್ರ ಬಹಳ ನಿಧಾನ. ಮೊದಲ ಕೆಲವು ತಿಂಗಳು ಅಲ್ಲಾಡಲೇ ಇಲ್ಲ. ಈ ಕಾಯಿಲೆಯಲ್ಲಿ ಸುಧಾರಣೆ ಕಾಣಲು ಎರಡರಿಂದ ಆರು ತಿಂಗಳು ಬೇಕು. ಆ ಮಧ್ಯೆ ಔಷಧಿ ಕೆಲಸ ಮಾಡುತ್ತಿಲ್ಲ ಎಂದು ಬಿಟ್ಟವರನ್ನು ನೋಡಿದ್ದೇನೆ.

ಮೂತ್ರದ ತಾಮ್ರ ಇಳಿದರೆ ಅದನ್ನು ಓದುವುದಕ್ಕೂ ಜಾಣ್ಮೆ ಬೇಕು. ಒಳಗಿನ ಬಿಡಿ ತಾಮ್ರ ಕಡಿಮೆಯಾಗಿ ಮೂತ್ರದಲ್ಲಿ ಇಳಿದಿರಬಹುದು. ರೋಗಿ ಮಾತ್ರೆ ನುಂಗದೇ ಇಳಿದಿರಬಹುದು. ಸಂಖ್ಯೆ ಎರಡರಲ್ಲೂ ಒಂದೇ! ಬೇರೆ ಮಾಡಲು ಮೇಲೆ ಹೇಳಿದ ಬಿಡಿ ತಾಮ್ರದ ಲೆಕ್ಕ ನೋಡುತ್ತಾರೆ. ಮಾತ್ರೆ ಬಿಟ್ಟವರಲ್ಲಿ ಅದು ಮೇಲೇರಿರುತ್ತದೆ. ಇನ್ನೊಂದು ದಾರಿ, ಡಾಕ್ಟರು ಹೇಳಿ ಎರಡು ದಿನ ಔಷಧಿ ನಿಲ್ಲಿಸಿ ಮೂತ್ರ ಅಳೆಯುವುದು. ಆಗಲೂ 100ರ ಒಳಗಿದ್ದರೆ ಹತೋಟಿ ಚೆನ್ನಾಗಿದೆ ಎಂದರ್ಥ.

ಹಾಗಾದರೆ ಲಿವರ್ ಖಾಲಿ ಆಯಿತಾ? ಇಲ್ಲ. ನಾನು ಜನರಿಗೆ ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ವರ್ಷಗಟ್ಟಲೆ ಔಷಧಿ ತೆಗೆದುಕೊಂಡು ಆರಾಮಾಗಿರುವವರ ಲಿವರನ್ನು ಮತ್ತೆ ಪರೀಕ್ಷಿಸಿದರೂ ತಾಮ್ರ ಜಾಸ್ತಿಯೇ ಇರಬಹುದು. ಆದ್ದರಿಂದಲೇ ಚಿಕಿತ್ಸೆ ಹೇಗೆ ನಡೆದಿದೆ ಎಂದು ನೋಡಲು ಪದೇ ಪದೇ ಬಯಾಪ್ಸಿ ಮಾಡುವುದಿಲ್ಲ. ಲಿವರಿನೊಳಗೆ ಮೆಟಲೋಥಯೋನಿನ್ ಅನ್ನುವ ಪ್ರೋಟೀನ್ ಇದೆ. ಅದು ತಾಮ್ರವನ್ನು ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ತಾಮ್ರ ಅಲ್ಲೇ ಬಿದ್ದಿರುತ್ತದೆ, ಜೀವಕೋಶವನ್ನು ಸುಡುವುದಿಲ್ಲ. ಔಷಧಿಯ ಸಾಧನೆ ಇರುವುದು ಬಿಡಿ ತಾಮ್ರವನ್ನು ತಗ್ಗಿಸಿ ಇಡುವುದರಲ್ಲಿ. ಆಣೆಕಟ್ಟಿನ ತೂಬನ್ನು ಒಂದಿಷ್ಟು ತೆರೆದು ಇಟ್ಟಂತೆ. ಒಳಹರಿವು ದಿನಾ ಇದೆ, ನೀರು ಅಪಾಯದ ಮಟ್ಟ ಮುಟ್ಟಬಾರದು ಅಷ್ಟೇ. ತೂಬು ಮುಚ್ಚಿದರೆ ಮತ್ತೆ ಏರುತ್ತದೆ.

ನನ್ನ ಪೆನಿಸಿಲಮೈನ್ ಕಥೆ ಬಹಳ ಕಾಲ ನಡೆಯಲಿಲ್ಲ. ಮೊದಲ ವಾರಗಳಲ್ಲಿ ಜ್ವರ, ಮೈ ಮೇಲೆ ದದ್ದು, ಬಿಳಿ ರಕ್ತಕಣ ಇಳಿಯುವುದು ಇವನ್ನು ಕಾಯುತ್ತಾ ಕೂತಿದ್ದೆವು. ಅವು ಬರಲಿಲ್ಲ. ನಾಲಿಗೆಯ ರುಚಿ ಕೊಂಚ ಮಂದವಾಯಿತು, ಆಮೇಲೆ ಸರಿಹೋಯಿತು. ಎಲ್ಲ ಸರಿ ಎನ್ನುವಷ್ಟರಲ್ಲಿ ಮೂತ್ರದಲ್ಲಿ ನೊರೆ ಕಾಣಿಸಿತು. ಸುಮ್ಮನೆ ಬರುವ ಗುಳ್ಳೆಯ ಹಾಗಲ್ಲ, ಸೋಪಿನ ನೊರೆಯ ಹಾಗೆ, ಸ್ವಲ್ಪ ಹೊತ್ತಾದರೂ ಒಡೆಯುತ್ತಿರಲಿಲ್ಲ. ಮೂತ್ರ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ಪ್ರೋಟೀನಿನ ಚೌಕ ಹಳದಿಯಿಂದ ಹಸಿರಿಗೆ ತಿರುಗಿತು. ಪೆನಿಸಿಲಮೈನ್ ಕಿಡ್ನಿಯ ಸೋಸುಪೊರೆಗೆ ತೊಂದರೆ ಕೊಡಬಲ್ಲದು. ಇದು ಗೊತ್ತಿರುವ ಅಡ್ಡಪರಿಣಾಮ. ಅದೇ ವಾರ ಔಷಧಿ ಬದಲಾಯಿಸಿದರು.

ಬದಲಿಗೆ ಬಂದದ್ದು ಟ್ರಯೆಂಟೀನ್. ಇದನ್ನೂ ವಿಲ್ಸನ್ ರೋಗಿಗಳಿಗೆ ಮೊದಲು ಬಳಸಿದ್ದು ಅದೇ ವಾಲ್ಶ್, 1969ರಲ್ಲಿ, ಪೆನಿಸಿಲಮೈನ್ ಒಗ್ಗದವರಿಗಾಗಿ. ಇದರಲ್ಲಿ ತಾಮ್ರ ಹಿಡಿಯುವುದು ಗಂಧಕ ಅಲ್ಲ, ನಾಲ್ಕು ನೈಟ್ರೋಜನ್‌ಗಳು. ಖಾಲಿ ಹೊಟ್ಟೆಯ ನಿಯಮ ಇಲ್ಲೂ ಇದೆ. ಹೊಸ ತಲೆನೋವು ಅಂದರೆ ನನಗೆ ಸಿಗುವ ಕ್ಯಾಪ್ಸೂಲ್ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೊರಗಿನ ಉಷ್ಣತೆಯಲ್ಲಿ ಇಡಬಹುದಾದ ಬೇರೆ ಲವಣದ ಟ್ರಯೆಂಟೀನ್ ಕೂಡ ಇದೆ. ಡಬ್ಬಿಯ ಮೇಲೆ ಬರೆದದ್ದು ನೋಡಿಯೇ ಇಡಬೇಕು. ಪ್ರಯಾಣಕ್ಕೆ ಇನ್ಸುಲಿನ್‌ನವರು ಬಳಸುವಂಥ ತಂಪು ಚೀಲ ಇಟ್ಟುಕೊಂಡಿದ್ದೇನೆ. ಔಷಧಿ ಬೇಕಾದ್ದಕ್ಕಿಂತ ಜಾಸ್ತಿ, ಕೈಚೀಲದಲ್ಲೇ. ಜೊತೆಗೆ ಡಾಕ್ಟರ ಪತ್ರ. ಲಗೇಜು ಕಳೆದುಹೋದರೆ ಯಾವ ಅಂಗಡಿಯಲ್ಲೂ ತಟ್ಟನೆ ಸಿಗುವ ಔಷಧಿ ಇದಲ್ಲ.

ತಾಮ್ರ ತೀರಾ ಇಳಿಸಿದರೂ ಕಷ್ಟ. ರಕ್ತ ತಯಾರಾಗಲು ತಾಮ್ರ ಬೇಕು. ಅತಿಯಾದ ಚಿಕಿತ್ಸೆಯಲ್ಲಿ ಹಿಮೋಗ್ಲೋಬಿನ್, ಬಿಳಿ ಕಣ ಎರಡೂ ಬೀಳುತ್ತವೆ. ಆದ್ದರಿಂದ ಹತೋಟಿಗೆ ಬಂದ ಮೇಲೆ ನನ್ನ ಪ್ರಮಾಣ ಕಡಿಮೆ ಮಾಡಿದರು. ಕಡಿಮೆ ಮಾಡುವುದು ಬೇರೆ, ನಿಲ್ಲಿಸುವುದು ಬೇರೆ. ನಿಲ್ಲಿಸಿದವರಿಗೆ ತಿಂಗಳುಗಳಲ್ಲೋ ಒಂದೆರಡು ವರ್ಷದಲ್ಲೋ ಲಿವರ್ ಏಕಾಏಕಿ ಕೈಕೊಡಬಹುದು. ಆಗ ಮತ್ತೆ ಮಾತ್ರೆ ಹಾಕಿದರೂ ಹಿಡಿಯದೆ ಲಿವರ್ ಕಸಿಯೊಂದೇ ದಾರಿ ಆಗುವುದುಂಟು. ಇದಕ್ಕೆ ಕಾರಣ ಸೋಮಾರಿತನ ಎಂದು ನಾನು ಹೇಳಲಾರೆ. ಮಾತ್ರೆ ಬಿಟ್ಟರೆ ಮರುದಿನ ಏನೂ ಆಗುವುದಿಲ್ಲ, ಮರುವಾರವೂ ಏನೂ ಆಗುವುದಿಲ್ಲ. ಇನ್ನೂ ಹೇಳಬೇಕೆಂದರೆ ಅಲಾರಂ ಕಾಟ ತಪ್ಪಿ ಹಾಯೆನಿಸುತ್ತದೆ. ಅದೇ ಅಪಾಯ.

ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಬೇರೆ ಲೋಹದವರೂ ಸಿಗುತ್ತಾರೆ. ಥಲಸ್ಸೀಮಿಯಾ ಎನ್ನುವ ರಕ್ತದ ಕಾಯಿಲೆಗೆ ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳದು ಕಬ್ಬಿಣದ ತೊಂದರೆ. ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದೇಹ ದಿನಕ್ಕೆ ಕಳೆದುಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಲೆಕ್ಕ ನೀವೇ ಹಾಕಿ. ಕೆಲವರು ರಾತ್ರಿಯಿಡೀ ಪಂಪ್ ಕಟ್ಟಿಕೊಂಡು ಚರ್ಮದಡಿ ಕಬ್ಬಿಣ ಹಿಡಿಯುವ ಡೆಫೆರೊಕ್ಸಮೈನ್ ಹರಿಸಿಕೊಳ್ಳುತ್ತಾರೆ, ಮೂತ್ರ ಕೆಂಪು ಛಾಯೆಗೆ ತಿರುಗುತ್ತದೆ. ಕೆಲವರಿಗೆ ಬಾಯಲ್ಲಿ ಡೆಫೆರಸಿರಾಕ್ಸ್. ಅವರ ಲಿವರಿನ ಕಬ್ಬಿಣವನ್ನು ಎಂಆರ್‌ಐನಲ್ಲೇ ಅಳೆಯಬಹುದು, ನನಗೆ ಹೊಟ್ಟೆಕಿಚ್ಚಾಗುವ ಸಂಗತಿ ಅದು. ಹುಟ್ಟಿನಿಂದಲೇ ಕಬ್ಬಿಣ ಸೇರುವ ಹಿಮೋಕ್ರೊಮಟೋಸಿಸ್‌ನವರಿಗೆ ಸಾಮಾನ್ಯವಾಗಿ ಕೀಲೇಟರ್ ಬೇಕಾಗುವುದೇ ಇಲ್ಲ. ರಕ್ತ ತೆಗೆದರೆ ಕಬ್ಬಿಣವೂ ಹೋಗುತ್ತದೆ. ಸೀಸ ಸೇರಿದವರದು ಮತ್ತೊಂದು ಕಥೆ. ದೇಹದ ಸೀಸದಲ್ಲಿ ಬಹುಪಾಲು ಕೂತಿರುವುದು ಮೂಳೆಯಲ್ಲಿ. ಸೀಸ ಬರುವ ಮೂಲವನ್ನು ನಿಲ್ಲಿಸದೆ ಔಷಧಿ ಕೊಟ್ಟು ಪ್ರಯೋಜನವಿಲ್ಲ. ಒಬ್ಬೊಬ್ಬರ ಲೋಹ ಬೇರೆ, ಔಷಧಿ ಬೇರೆ, ಅಳತೆ ಬೇರೆ. ಎಲ್ಲ ಲೋಹಕ್ಕೂ ಒಂದೇ ಬಾಟಲಿ ಮಾರುವವನನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಇಂಥ ಬಾಟಲಿ ಮಾರುವವರ ಒಂದು ಕೈಚಳಕ ತಿಳಿದಿರಲಿ. ಮೊದಲು ಕೀಲೇಟರ್ ಕೊಡುತ್ತಾರೆ, ಆಮೇಲೆ ಮೂತ್ರ ಅಳೆಯುತ್ತಾರೆ, "ನೋಡಿ, ಎಷ್ಟು ಲೋಹ ಇದೆ!" ಎನ್ನುತ್ತಾರೆ. ಕೀಲೇಟರ್ ನುಂಗಿದರೆ ಯಾರ ಮೂತ್ರದಲ್ಲೂ ಲೋಹ ಏರುತ್ತದೆ. ರಿಪೋರ್ಟಿನ ಪಕ್ಕದಲ್ಲಿರುವ ಸಹಜ ಮಟ್ಟ ಔಷಧಿ ತೆಗೆದುಕೊಳ್ಳದವರದು. ಎರಡನ್ನೂ ಹೋಲಿಸಿದರೆ ಎಲ್ಲರೂ ರೋಗಿಗಳೇ. ಇಷ್ಟಕ್ಕೇ ನಿಂತರೆ ಬರೀ ದುಡ್ಡು ಹೋಗುತ್ತಿತ್ತು. ಆದರೆ ಈ ಔಷಧಿಗಳು ಬೇಕಾದ ಖನಿಜವನ್ನೂ ಎಳೆದುಕೊಂಡು ಹೋಗುತ್ತವೆ. ಸೀಸಕ್ಕೆ ಬಳಸುವುದು ಕ್ಯಾಲ್ಸಿಯಂ ಇರುವ ಇಡಿಟಿಎ ಎನ್ನುವ ಕೀಲೇಟರ್. ಹೆಸರು ಹತ್ತಿರವೇ ಇರುವ ಡೈಸೋಡಿಯಂ ಇಡಿಟಿಎ ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿದುಬಿಡುತ್ತದೆ, ಹೃದಯ ನಿಲ್ಲಬಹುದು. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂಗೆ ಚಿಕಿತ್ಸೆ ಎಂದು ಇಡಿಟಿಎ ಕೊಟ್ಟಾಗ 5 ವರ್ಷದ ಹುಡುಗನೊಬ್ಬ ಸತ್ತದ್ದು ಹೀಗೆ. ಈಗ ಯಾರಾದರೂ ಲಿವರ್ ಕ್ಲೀನ್ ಬಗ್ಗೆ ಕೇಳಿದರೆ ನಾನು ಮೂರು ವಿಷಯ ಕೇಳುತ್ತೇನೆ. ಯಾವ ಲೋಹ? ಎಷ್ಟು ಬಂದಿದೆ? ಔಷಧಿ ಕೊಡುವ ಮುಂಚೆ ಅಳೆದದ್ದಾ, ಕೊಟ್ಟ ಮೇಲಾ? ಉತ್ತರ ಇಲ್ಲದಿದ್ದರೆ ಕೀಲೇಶನ್ ಮಾತೇ ಬೇಡ, ಮೊದಲು ಲಿವರ್ ಡಾಕ್ಟರನ್ನು ನೋಡಿ ಎನ್ನುತ್ತೇನೆ.

ಕೊನೆಯದು ಮನೆಯವರ ವಿಷಯ. ನನಗೆ ಕಾಯಿಲೆ ಗೊತ್ತಾದ ಮೇಲೆ ತಂಗಿಯನ್ನು ಪರೀಕ್ಷೆ ಮಾಡಿಸಿದೆವು. ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. "ನಂಗೇನೂ ಆಗಿಲ್ಲ ಬಿಡಣ್ಣಾ" ಎಂದಳು. ಜೀನ್ ಪರೀಕ್ಷೆಯಲ್ಲಿ ಅವಳಿಗೂ ಇತ್ತು, ಲಿವರ್ ಮಾತ್ರ ಇನ್ನೂ ಕೆಟ್ಟಿರಲಿಲ್ಲ. ಅವಳಿಗೆ ಕೀಲೇಟರ್ ಕೊಡಲೇ ಇಲ್ಲ. ಸತು ಕೊಟ್ಟರು, ದಿನಕ್ಕೆ ಮೂರು ಬಾರಿ 50 ಮಿಲಿಗ್ರಾಂ. ಸತು ಕರುಳಿನ ಜೀವಕೋಶದಲ್ಲಿ ಮೆಟಲೋಥಯೋನಿನ್ ಏರಿಸುತ್ತದೆ. ಅದು ಆಹಾರದ ತಾಮ್ರವನ್ನು ಅಲ್ಲೇ ತಡೆದು ಹಿಡಿಯುತ್ತದೆ. ಕೆಲವು ದಿನಕ್ಕೆ ಆ ಜೀವಕೋಶವೇ ಉದುರಿ ಮಲದಲ್ಲಿ ಹೋಗುತ್ತದೆ, ತಾಮ್ರವೂ ಅದರೊಂದಿಗೆ. ಅವಳಿಗೆ ಬೆಳಗಿನ ಮಾತ್ರೆಗೆ ಮಾತ್ರ ವಾಕರಿಕೆ. ಅದನ್ನು ತಿಂಡಿ ಮತ್ತು ಊಟದ ನಡುವಿನ ಹೊತ್ತಿಗೆ ತಳ್ಳಿದ ಮೇಲೆ ಸರಿಹೋಯಿತು. ಗರ್ಭಿಣಿಯಾದಾಗಲೂ ಡಾಕ್ಟರು ಸತು ನಿಲ್ಲಿಸಲಿಲ್ಲ. ಕೀಲೇಟರಿನವರಾದರೆ ಪ್ರಮಾಣ ಇಳಿಸುತ್ತಾರೆ, ಬಿಡಿಸುವುದಿಲ್ಲ. ನಾವಿಬ್ಬರೂ ವರ್ಷಕ್ಕೆರಡು ಬಾರಿ ಒಂದೇ ದಿನ ಪರೀಕ್ಷೆಗೆ ಹೋಗುತ್ತೇವೆ: ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಐಎನ್‌ಆರ್, ತಾಮ್ರ, ಸೆರುಲೋಪ್ಲಾಸ್ಮಿನ್. 24 ಗಂಟೆಯ ಕ್ಯಾನ್ ವರ್ಷಕ್ಕೆ ಒಮ್ಮೆಯಾದರೂ. ಇಬ್ಬರ ರಿಪೋರ್ಟನ್ನೂ ಹೋಲಿಸುವುದಿಲ್ಲ. ಟ್ರಯೆಂಟೀನ್ ತೆಗೆದುಕೊಳ್ಳುವ ನನ್ನ ಮೂತ್ರದಲ್ಲಿ ತಾಮ್ರ ಜಾಸ್ತಿ ಇರಬೇಕು, ಸತು ತೆಗೆದುಕೊಳ್ಳುವ ಅವಳದರಲ್ಲಿ ಕಡಿಮೆ ಇರಬೇಕು. ಹೊಸ ಲ್ಯಾಬಿಗೆ ಹೋದಾಗಲೆಲ್ಲ ಇದನ್ನು ಚೀಟಿಯ ಮೇಲೆ ಬರೆದೇ ಕೊಡುತ್ತೇನೆ.